ಮೊದಲು ಮಾತು, ಆಮೇಲೆ ಪ್ರಬಂಧ: ಒಂಬತ್ತನೇ ಕ್ಲಾಸಿನ ನನ್ನ ಅನುಭವ

ರಾಮನಗರ ಕಡೆಯ ಹೈಸ್ಕೂಲಲ್ಲಿ ಕನ್ನಡ ಮೇಷ್ಟ್ರು ನಾನು. ನಮ್ಮ ಮಕ್ಕಳ ಪ್ರಬಂಧ ಗೊತ್ತಲ್ಲ, ಪೀಠಿಕೆಯಿಂದ ಉಪಸಂಹಾರದವರೆಗೆ ಗೈಡಿನದ್ದೇ. ಭಾಷಣ ಅಂದರೆ 'ವೇದಿಕೆ ಮೇಲಿರುವ ಗಣ್ಯರೇ' ಆದ ಮೇಲೆ ಉಸಿರಿಲ್ಲ.

ಮೊದಲು ಮಾಡಿದ್ದೆಲ್ಲ ದಂಡ. ದಿನಕ್ಕೈದು ಹೊಸ ಪದ ಬರೆಸಿದೆ, ಅವು ನೋಟ್‌ಬುಕ್ ಬಿಟ್ಟು ಈಚೆಗೇ ಬರಲಿಲ್ಲ. ಜೇಬಿಂದ ಎರಡೂವರೆ ಸಾವಿರ ಚಿಲ್ಲರೆ ಹಾಕಿ ಮೈಕ್ ಸೆಟ್ ತಂದೆ, ಅದನ್ನು ಕಂಡ ಕೂಡಲೇ ಕ್ಲಾಸಿನ ವಾಚಾಳಿಗಳೂ ಗಪ್‌ಚುಪ್. ಮೂರು ತಿಂಗಳಿಗೆ ಅದೂ ಕೆಟ್ಟಿತು. ಮನೆಯಲ್ಲಿ ಇವತ್ತಿಗೂ ಅದರ ಲೆಕ್ಕ ಕೇಳುತ್ತಾರೆ.

ಕೊನೆಗೆ ಕೈ ಹಿಡಿದದ್ದು ನನ್ನ ಹಳೇ ಮೊಬೈಲು. ದಿನಕ್ಕೆ ಇಬ್ಬರು, ತಲಾ ಎರಡು ನಿಮಿಷ, ಮನೆಯಲ್ಲಿ ತಾವು ಮಾಡುವ ಕೆಲಸ ಹೇಳಬೇಕು. ರೆಕಾರ್ಡ್ ಆದದ್ದನ್ನು ಪಕ್ಕದವರು ಇದ್ದಂಗೇ ಬರೆಯಬೇಕು, ತಿದ್ದುವುದು ಮಾತ್ರ ಹೇಳಿದವರೇ. ಸ್ಟಾಫ್‌ರೂಮಲ್ಲಿ ನಕ್ಕರು: "ಸಿಲಬಸ್ ಯಾರು ಮುಗಿಸ್ತಾರೆ ಸಾರ್?"

ವರ್ಷವೆಲ್ಲ ಬಾಯಿ ಬಿಡದ ಹುಡುಗಿ ಒಂದು ದಿನ ಎದ್ದು ಮನೆಯ ರೇಷ್ಮೆ ಹುಳು ಸಾಕಣೆ ಹೇಳತೊಡಗಿದಳು. ಜ್ವರ ಅಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು. "ಉಳ ಜ್ವರಕ್ಕೆ ಕೂತಾಗ ಸೊಪ್ಪು ಆಕಬಾರ್ದು ಸಾ. ನಾಕ್ನೇ ಜ್ವರ ಎದ್ಮೇಲೆ ನೋಡ್ಬೇಕು, ಮಳೆ ಸುರ್ದಂಗೆ ಸದ್ದು ಮಾಡ್ಕಂಡು ತಿಂತವೆ." ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಅನ್ನುವ ತಟ್ಟೆಗೆ ಬಿಡುವ ತನಕ ನಿಲ್ಲಿಸಲಿಲ್ಲ, ನಾಲ್ಕು ನಿಮಿಷ ಆಯಿತು. ನಾನು ಹಕಾರ ತಿದ್ದಲಿಲ್ಲ. ಮರುದಿನ ಕಾಗದದ ಮೇಲೆ 'ಉಳ' ಕಂಡು ಅವಳೇ ನಕ್ಕು 'ಹುಳು' ಮಾಡಿದಳು. ಅಷ್ಟು ವರ್ಷ ಕೆಂಪು ಪೆನ್ನಲ್ಲಿ ಗೀಚಿದ್ದು ಸುಮ್ನೆ, ಅಲ್ವಾ?

ನಡುವೆ ಕ್ರಿಕೆಟ್ ಕಾಮೆಂಟರಿ ಹೇಳಿಸಿ ನೋಡಿದೆ. ಮಾತು ಜೋರಾಯಿತು, ಬರೆಯಲು ಕೂತರೆ ಬರೀ 'ಸಿಕ್ಸ್'. ಅದಕ್ಕಿಂತ ಮಕ್ಕಳ ಗ್ರಾಮಸಭೆಗೆ ಅರ್ಜಿ ಬರೆಸಿದ್ದು ವಾಸಿ. ಚರಂಡಿ ಬಗ್ಗೆ ಮೂರು ಸಲ ಹರಿದು ಬರೆದರು, ಮೂರನೆಯದರಲ್ಲಿ ಬೀದಿ ಯಾವುದು, ಎಷ್ಟು ಮನೆ, ಯಾವಾಗಿಂದ ಅಂತ ಎಲ್ಲ ಬಂತು. ಚರಂಡಿ ಮಾತ್ರ ಹಾಗೇ ಇದೆ.

ಎಸ್‌ಎಸ್‌ಎಲ್‌ಸಿಗೆ ಉಪಸಂಹಾರ ಬೇಕಲ್ಲ ಅನ್ನುವವರಿಗೆ ಒಂದೇ ಮಾತು: ಹೇಳಲು ವಿಷಯ ಇರುವ ಮಕ್ಕಳಿಗೆ ಅದು ಎರಡು ಪೀರಿಯಡ್ ಕೆಲಸ. ಅರ್ಧ ಪುಟಕ್ಕೆ ಪೆನ್ನು ಇಡುತ್ತಿದ್ದವರಲ್ಲಿ ಮುಕ್ಕಾಲು ಪಾಲು ಈಗ ಒಂದೂವರೆ ಪುಟ ದಾಟುತ್ತಾರೆ.

ಮೊದಲ ದಿನ ಯಾರನ್ನು ಎಬ್ಬಿಸಬೇಕು ಅನ್ನುವುದರಲ್ಲಿ ಒಂದು ಗುಟ್ಟಿದೆ, ಅದನ್ನು ಹೇಳುವುದಿಲ್ಲ. ಸಿಲಬಸ್ ಅಂದಿದ್ದ ಮೇಷ್ಟ್ರಿಗೂ ಹೇಳಿಲ್ಲ. ಮೊಬೈಲು ಮಾತ್ರ ಈಗ ವಾರಕ್ಕೆರಡು ದಿನ ಅವರ ಹತ್ತಿರವೇ ಇರುತ್ತದೆ.