ಗಾಜಿನ ಮೇಲಿನ ಕಣ ಶೇ. 80 ಆರ್ದ್ರತೆಗೇ ಕರಗಿತು: ನನ್ನ ಅನುಭವ

ಏರೋಸಾಲ್ ಕಣವನ್ನು, ಅಂದರೆ ಗಾಳಿಯಲ್ಲಿರುವ ಅತಿಸಣ್ಣ ಕಣವನ್ನು, ತೇಲಿಸಿಯೇ ಅಳೆಯಬೇಕು, ಗಾಜಿನ ಮೇಲೆ ಕೂರಿಸಿದರೆ ಅದು ಗಾಳಿಯ ತೇವ ಎಳೆದು ಕರಗುವ ಮತ್ತು ಒಣಗಿ ಮತ್ತೆ ಹರಳುಗಟ್ಟುವ ಆರ್ದ್ರತೆ ನಂಬುವಂತೆ ಸಿಗುವುದಿಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಕಳೆದ ಮಳೆಗಾಲದಿಂದ ನನ್ನ ಅಮೋನಿಯಂ ಸಲ್ಫೇಟ್ ಕಣಗಳು ತಪ್ಪದೆ, ಕರಗಬೇಕಾದ ಶೇ. 80ರ ಹತ್ತಿರವೇ, 79 ಮತ್ತು 81ರ ನಡುವೆ ಕರಗುತ್ತಿವೆ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ಏಳೆಂಟು ತಿಂಗಳ ಅಳತೆಗಳನ್ನೆಲ್ಲ ಕೈಬಿಡಬೇಕಾಯಿತು. ಸೂಕ್ಷ್ಮದರ್ಶಕದ ಕೆಳಗೆ ಕಣವನ್ನಿಡುವ ಪುಟ್ಟ ಮುಚ್ಚಿದ ಕೋಶಕ್ಕೆ ಒಣ ಮತ್ತು ತೇವದ ನೈಟ್ರೋಜನ್ ಬೆರೆಸಿ ಹಾಯಿಸಿದಾಗ ಅದೇ ಕಣ ಒಮ್ಮೆ 84ಕ್ಕೆ, ಇನ್ನೊಮ್ಮೆ 87ಕ್ಕೆ ಕರಗುತ್ತಿತ್ತು. ಆರ್ದ್ರತೆ ಅಳೆಯುವ ಸೆನ್ಸರ್ ಕೆಟ್ಟಿರಬೇಕೆಂದು ಮೂರು ಬಾರಿ ಹೊಸದನ್ನು ತರಿಸಿ ಹತ್ತು ಸಾವಿರ ರೂಪಾಯಿಯಷ್ಟು ಕಳೆದುಕೊಂಡೆ. ದೋಷವಿದ್ದದ್ದು ಸೂಕ್ಷ್ಮದರ್ಶಕದ ಹ್ಯಾಲೊಜನ್ ದೀಪದಲ್ಲಿ. ಅದರ ಕಾವಿಗೆ ಕಣ ಕುಳಿತ ಗಾಜು, ಹೊರದಾರಿಯಲ್ಲಿದ್ದ ಸೆನ್ಸರ್‌ಗಿಂತ ಒಂದು ಡಿಗ್ರಿಗೂ ತುಸು ಹೆಚ್ಚು ಬಿಸಿಯಾಗುತ್ತಿತ್ತು. 80ರ ಆಸುಪಾಸಿನಲ್ಲಿ ಒಂದು ಡಿಗ್ರಿ ವ್ಯತ್ಯಾಸವೆಂದರೆ ಆರ್ದ್ರತೆಯಲ್ಲಿ ಸುಮಾರು ಐದು ಅಂಶಗಳ ತಪ್ಪು. ಎಲ್‌ಇಡಿ ದೀಪ ಹಾಕಿ, ಕಣದ ಪಕ್ಕದಲ್ಲೇ ಗಾಜಿಗೆ ಉಷ್ಣತೆ ಅಳೆಯುವ ಕೂದಲೆಳೆಯಂಥ ತಂತಿ, ಥರ್ಮೊಕಪಲ್, ಅಂಟಿಸಿ, ಆ ಉಷ್ಣತೆಗೆ ಆರ್ದ್ರತೆಯನ್ನು ಮರುಲೆಕ್ಕ ಹಾಕಿದ ದಿನವೇ ಅಂಕಿ 80ಕ್ಕೆ ಇಳಿಯಿತು. ಅಡುಗೆ ಉಪ್ಪಿನ ಪರ್ಯಾಪ್ತ (ಇನ್ನು ಉಪ್ಪು ಕರಗದಷ್ಟು ತುಂಬಿದ) ದ್ರಾವಣದ ಮೇಲೆ 75, ಪೊಟ್ಯಾಸಿಯಂ ಕ್ಲೋರೈಡಿನ ಮೇಲೆ 84 ತೋರಿಸದ ಸೆನ್ಸರನ್ನು ಈಗ ನಾನು ಕೋಶದ ಹತ್ತಿರಕ್ಕೂ ತರುವುದಿಲ್ಲ.

ಕರಗುವುದನ್ನು ನೋಡುವುದೇ ಒಂದು ಸೊಗಸು: ಹರಳಿನ ಮೂಲೆಗಳು ಮೊದಲು ಮೊಂಡಾಗುತ್ತವೆ, ಸುತ್ತ ನೀರಿನ ತೆಳು ಅಂಚು ಹೊಳೆಯುತ್ತದೆ, ನಡುವೆ ಉಳಿದ ಚೂರು ಕೆಲವು ಕ್ಷಣ ಹೊರಳಾಡಿ ಮಾಯವಾಗುತ್ತದೆ. ಹರಳುಗಟ್ಟುವುದು ಹಾಗಲ್ಲ, ತಿಳಿಯಾದ ಹನಿ ವಿಡಿಯೊದ ಒಂದೇ ಚೌಕಟ್ಟಿನಲ್ಲಿ ಕಪ್ಪಾಗಿಬಿಡುತ್ತದೆ. ಇದು 35ರ ಹತ್ತಿರ ಆಗಬೇಕಾದದ್ದು ನನ್ನಲ್ಲಿ ಬಹುಕಾಲ 50ಕ್ಕೇ ಆಗುತ್ತಿತ್ತು, ಏಕೆಂದರೆ ಗಾಜಿನ ಗೀರು ಮತ್ತು ಧೂಳು ಹರಳಿಗೆ ಬೀಜವಾಗುತ್ತಿದ್ದವು. ಇದನ್ನು ತಡೆಯಲು ಗಾಜಿಗೆ ಕೊಡುವ ನೀರು ಹತ್ತದ ಲೇಪನ ಎಲ್ಲರಿಗೂ ಗೊತ್ತಿರುವುದೇ. ಅದಕ್ಕೆ ಮೊದಲು ನಾನು ಗಾಜನ್ನು ತೊಳೆಯುವ ಕ್ರಮವನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ನೈಟ್ರೋಜನ್ ಹಾಯಿಸುವ ಸಿಲಿಕೋನ್ ಕೊಳವೆಯ ಗೋಡೆಯ ಮೂಲಕವೇ ಮಳೆಗಾಲದ ತೇವ ಒಳಗೆ ಬರುತ್ತಿದ್ದುದರಿಂದ ಅದನ್ನು ಕಿತ್ತು ಉಕ್ಕಿನ ಕೊಳವೆ ಹಾಕಿದೆ. ಹನಿ ಸಿಂಪಡಿಸಲು ಔಷಧದಂಗಡಿಯ ನೆಬ್ಯುಲೈಸರ್ ಸಾಕಾಯಿತು. ಸೂಕ್ಷ್ಮದರ್ಶಕವನ್ನು ಬಿಟ್ಟು ಒಟ್ಟು ಖರ್ಚು 60 ಸಾವಿರದ ಸುಮಾರಿಗೆ ಬಂದಿರಬಹುದು. ಕೆಲವು ಮೈಕ್ರಾನ್‌ಗಿಂತ ಸಣ್ಣ ಕಣ ಇದರಲ್ಲಿ ಕಾಣುವುದಿಲ್ಲವೆಂಬುದು ನಿಜ, ಆದರೆ ಕಾಣುವ ಕಣಗಳ ಅಂಕಿಗಳ ಬಗ್ಗೆ ನನಗೆ ಪೂರ್ಣ ಭರವಸೆಯಿದೆ.

ನಡುವೆ ಸಲ್ಫೇಟಿಗೆ ಬೆಲ್ಲದ ನೀರು ಬೆರೆಸಿ ನೋಡಿದೆ. ಬೆಲ್ಲ ಹೆಚ್ಚಾದಂತೆ ಹರಳುಗಟ್ಟುವುದು ತಡವಾಗುತ್ತ ಹೋಗಿ, ಕೊನೆಗೆ ಎಷ್ಟು ಒಣಗಿಸಿದರೂ ಹನಿ ಪಾಕದಂತೆ ಗಟ್ಟಿಯಾಯಿತೇ ಹೊರತು ಹರಳಾಗಲಿಲ್ಲ. ಸುರತ್ಕಲ್‌ನ ಕಡಲ ನೀರಿನ ಹನಿಯಲ್ಲಿ ಉಪ್ಪಿನ ಚೌಕ ಹರಳು ಮೂಡಿದ ಮೇಲೂ ಅದರ ಸುತ್ತ ಒಂದು ಒದ್ದೆ ಪೊರೆ ಉಳಿಯಿತು. 33ಕ್ಕೇ ನೀರೆಳೆದು ಕರಗುವ ಮೆಗ್ನೀಸಿಯಂ ಕ್ಲೋರೈಡಿನ ಕೆಲಸವಿದು. ನಮ್ಮ ಮನೆಯ ಕಲ್ಲುಪ್ಪಿನ ಭರಣಿಯ ತಳದಲ್ಲಿ ಆಷಾಢದಲ್ಲಿ ನಿಲ್ಲುವ ನೀರಿಗೂ ಅದೇ ಕಾರಣ.