ಗೋಡೆ ಬಿರುಕು ಬಿಟ್ಟರೆ ವಿಮೆ ಸಿಗುತ್ತದೆಯೇ? ಮನೆ ವಿಮೆಯ ಪತ್ರ ಓದುವ ಬಗೆ

2009ರ ಅಕ್ಟೋಬರ್ ಆರಂಭದ ಆ ಮಳೆಯನ್ನು ರಾಯಚೂರು, ಕೊಪ್ಪಳ, ಬಳ್ಳಾರಿಯ ಜನ ಮರೆತಿಲ್ಲ. ಮಣ್ಣಿನ ಮಾಳಿಗೆ ಮನೆಗಳು ಕುಸಿದದ್ದನ್ನು ಕಂಡವರಿಗೆ ಮನೆ ವಿಮೆ ಏಕೆ ಬೇಕೆಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಕಂತು ಕಟ್ಟಿದವರೂ ಪಾಲಿಸಿ ಪತ್ರ ಓದುವುದು ಅಪರೂಪ. ಅದನ್ನು ಇವತ್ತೇ ಬೀರುವಿನಿಂದ ತೆಗೆಯಿರಿ.

ಮೊದಲು, ಅದು ಮನೆಯ ವಿಮೆ ಹೌದೋ ಅಲ್ಲವೋ ನೋಡಿ. ಗೃಹಸಾಲದ ಜೊತೆ ಮಾಡಿಸಿದ್ದು ಸಾಲಗಾರರ ಜೀವ ವಿಮೆ ಆಗಿರಬಹುದು. ಅವರು ತೀರಿಕೊಂಡರೆ ಸಾಲ ಚುಕ್ತಾ ಆಗುತ್ತದೆ. ಮನೆಗೆ ಬೆಂಕಿ ಬಿದ್ದರೆ ಅದರಿಂದ ಒಂದು ರೂಪಾಯಿಯೂ ಬರದು. ಮನೆಗೆಂದೇ ಇರುವುದು ‘ಭಾರತ್ ಗೃಹ ರಕ್ಷಾ’. ವಿಮಾ ನಿಯಂತ್ರಣ ಪ್ರಾಧಿಕಾರ 2021ರ ಏಪ್ರಿಲ್ 1ರಿಂದ ಜಾರಿಗೆ ತಂದ ಪ್ರಮಾಣಿತ ಪಾಲಿಸಿ ಇದು. ಮುಂದೆ ಹೇಳುವುದೆಲ್ಲ ಇದರದ್ದೇ.

ನಂತರ ಮೊತ್ತ. ಜಾಗದ ಬೆಲೆ ಇದರಲ್ಲಿ ಸೇರುವುದಿಲ್ಲ, ಮತ್ತೆ ಕಟ್ಟಲು ತಗಲುವ ಖರ್ಚು ಮಾತ್ರ ಲೆಕ್ಕ. ಸಾವಿರ ಚದರಡಿಗೆ ಅಡಿಗೆ 2,000 ರೂಪಾಯಿ ಹಿಡಿದರೆ 20 ಲಕ್ಷ. ಮನೆಯೊಳಗಿನ ಸಾಮಾನಿಗೆ ಇದರ ಶೇ 20, ಅಂದರೆ 4 ಲಕ್ಷ, ಪಟ್ಟಿ ಕೊಡದೆಯೇ ಸೇರುತ್ತದೆ. ಗರಿಷ್ಠ ಮಿತಿ 10 ಲಕ್ಷ. ಬಂಗಾರದ ಒಡವೆ ಇದರಲ್ಲಿಲ್ಲ, ಅದನ್ನು ಬೇರೆಯಾಗಿ ಬರೆಸಬೇಕು. ಬೈಕು, ಟ್ರ್ಯಾಕ್ಟರ್‌ಗಳಿಗೂ ಅವುಗಳದೇ ವಿಮೆ ಬೇಕು.

ಈಗ ಮುಖ್ಯ ಭಾಗಕ್ಕೆ ಬನ್ನಿ: ನಷ್ಟ ಯಾವುದರಿಂದ ಆಯಿತು? ಬೆಂಕಿ, ಸಿಡಿಲು, ಬಿರುಗಾಳಿ, ಭೂಕಂಪ, ಪ್ರವಾಹ, ನೀರಿನ ಟ್ಯಾಂಕ್ ಒಡೆಯುವುದು, ಗಲಭೆ ಇವೆಲ್ಲ ಒಳಗಿವೆ. ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗುವುದನ್ನು ನೋಡುತ್ತಲೇ ಇರುವ ಹೊಳೆದಂಡೆಯ ಊರುಗಳವರಿಗೆ ‘ಪ್ರವಾಹ’ ಎಂಬ ಆ ಒಂದು ಪದ ಬಹಳ ದೊಡ್ಡದು. ಆದರೆ ಹೊಳೆ ದಂಡೆಯನ್ನೇ ಕೊರೆದು ಮನೆಯಡಿಯ ನೆಲ ಕುಸಿದರೆ ಪರಿಹಾರವಿಲ್ಲ.

ಎರೆಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನ ನೆಲದಲ್ಲಿ, ಮನೆ ಕಟ್ಟಿದವರು ಇಲ್ಲಿ ಇನ್ನೂ ನಿಧಾನವಾಗಿ ಓದಬೇಕು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಅದರೊಂದಿಗೆ ಬುನಾದಿ ಅಲುಗಿ ಗೋಡೆ ಸೀಳುತ್ತದೆ. ಸಿಂಧನೂರು, ಸಿರುಗುಪ್ಪದ ಕಡೆ ಇಂಥ ಬಿರುಕು ಹೊಸ ಮನೆಗಳಲ್ಲೂ ಕಾಣುತ್ತದೆ. ನೆಲ ಕುಸಿದದ್ದಕ್ಕೆ ಪಾಲಿಸಿಯಲ್ಲಿ ರಕ್ಷಣೆ ಇದೆ, ನಿಜ. ಆದರೆ ಮಾಮೂಲಿ ಬಿರುಕು, ಹೊಸ ಕಟ್ಟಡ ಕೂರುವುದು, ಮಣ್ಣು ತುಂಬಿಸಿ ಎತ್ತರಿಸಿದ ಜಾಗ ಜಗ್ಗುವುದು, ಕಟ್ಟಿದವರ ಕಳಪೆ ಕೆಲಸ ಇವನ್ನೆಲ್ಲ ಹೊರಗಿಟ್ಟಿದ್ದಾರೆ. ಆದ್ದರಿಂದ ಎರೆಯಲ್ಲಿ ವಿಮೆಗಿಂತ ಮೊದಲು ಬುನಾದಿಗೆ ದುಡ್ಡು ಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ವರ್ಷಗಟ್ಟಲೆ ಸೋರಿ ಶಿಥಿಲವಾದ ಮಾಳಿಗೆಗೂ ಇದೇ ಉತ್ತರ. ಬಳಕೆಯಿಂದ ಸವೆದದ್ದಕ್ಕೆ ವಿಮೆ ಇಲ್ಲ.

ಸಿಡಿಲಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಿಡಿಲು ಬಡಿದು ಗೋಡೆ ಒಡೆದರೆ ಹಣ ಬರುತ್ತದೆ. ಅದೇ ಸಿಡಿಲು ವೈರಿನಲ್ಲಿ ಹರಿದು ಟಿ.ವಿ., ಕೂಲರ್ ಸುಟ್ಟರೆ ಆ ಉಪಕರಣಕ್ಕೆ ಬರುವುದಿಲ್ಲ. ವೋಲ್ಟೇಜ್ ಏರಿ ಸುಟ್ಟರೂ ಅಷ್ಟೇ. ಅಲ್ಲಿಂದ ಹೊತ್ತಿದ ಬೆಂಕಿ ಮನೆಗೆ ಹಬ್ಬಿದರೆ ಮಾತ್ರ ಉಳಿದ ನಷ್ಟಕ್ಕೆ ಕೇಳಬಹುದು.

ಕಳ್ಳತನದ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಬೆಂಕಿ, ಪ್ರವಾಹದಂಥ ಘಟನೆ ನಡೆದ 7 ದಿನಗಳೊಳಗೆ, ಅದರಿಂದಾಗಿ ಆದ ಕಳವು ಮಾತ್ರ ಈ ಪಾಲಿಸಿಯಲ್ಲಿದೆ. ಬೀಗ ಮುರಿದು ಕದ್ದರೆ ಅದಕ್ಕೆ ಕನ್ನಗಳವಿನ ವಿಮೆ ಬೇರೆಯೇ ಇರಬೇಕು.

ಮೇಲೊಂದು ಕೋಣೆ ಎಬ್ಬಿಸುವ ಯೋಚನೆ ಇದ್ದರೆ ಕಂಪನಿಗೆ ತಿಳಿಸಿ. ಕಾರ್ಪೆಟ್ ವಿಸ್ತೀರ್ಣ (ಗೋಡೆಗಳ ಒಳಗಿನ ಬಳಕೆಯ ನೆಲ) ಶೇ 10ಕ್ಕಿಂತ ಹೆಚ್ಚು ಬೆಳೆದರೆ ಆ ಹೊಸ ಭಾಗ ತಾನಾಗಿ ಸೇರುವುದಿಲ್ಲ.

ನಷ್ಟವಾದಾಗ ಕೆಸರು ಬಳಿಯುವ ಮುನ್ನವೇ ಫೋಟೊ, ವಿಡಿಯೊ ತೆಗೆದು ಕಂಪನಿಗೆ ಕೂಡಲೇ ತಿಳಿಸಿ. ನಷ್ಟ ಅಂದಾಜು ಮಾಡುವ ಕಂಪನಿಯ ಸರ್ವೇಯರ್ ನೋಡುವವರೆಗೆ ಒಡೆದ ಸಾಮಾನು ಎಸೆಯಬೇಡಿ. ಗ್ರಾಮ ಆಡಳಿತ ಅಧಿಕಾರಿ ಬಂದು ಪಂಚನಾಮೆ ಮಾಡಿದರೆ ಅದು ಸರ್ಕಾರಿ ಪರಿಹಾರಕ್ಕೆ. ಅದರ ಪ್ರತಿ ಇಟ್ಟುಕೊಳ್ಳಿ, ಆದರೆ ವಿಮೆಯ ಅರ್ಜಿ ಬೇರೆಯೇ ಕೊಡಬೇಕು.

ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಮೊದಲು ಕಂಪನಿಗೇ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರನ್ನು ಹಿಡಿಯಬೇಕಿಲ್ಲ.