ಲೇಬಲ್ (ಸಂಗೀತ ಕಂಪನಿ) ಇಲ್ಲದ ರ‍್ಯಾಪರ್: ಹೆಸರು ಕಟ್ಟುವ ಕೆಲಸ, ಹಾಡು ಬರುವ ಮೊದಲೇ

ಇಮೇಜ್ ಎಂದ ಕೂಡಲೇ ಎಲ್ಲರ ತಲೆಗೂ ಬಟ್ಟೆ, ಚೈನು, ಕ್ಯಾಮೆರಾ ಬರುತ್ತವೆ. ಅವೆಲ್ಲ ಆಮೇಲೆ. ಮೊದಲು ಹೆಸರು. ಇಷ್ಟವಾದ ಹೆಸರನ್ನು ಸ್ಪಾಟಿಫೈ, ಆಪಲ್ ಮ್ಯೂಸಿಕ್, ಯೂಟ್ಯೂಬ್, ಇನ್‌ಸ್ಟಾಗ್ರಾಂಗಳಲ್ಲಿ ಹುಡುಕಿ ನೋಡಿ. ಅದೇ ಹೆಸರಿನವರು ಇನ್ನೊಬ್ಬರಿದ್ದರೆ ನಿಮ್ಮ ಹಾಡು ಅವರ ಪ್ರೊಫೈಲ್‌ನಲ್ಲಿ ಹೋಗಿ ಕೂರುವ ಸಾಧ್ಯತೆ ಇದೆ. ಸರಿ ಮಾಡಿಸಬಹುದು, ಆದರೆ ಬಿಡುಗಡೆಯ ವಾರ ಅದರಲ್ಲೇ ಮುಗಿಯುತ್ತದೆ. ಸ್ಪೆಲಿಂಗ್ ಎಲ್ಲೆಡೆ ಒಂದೇ ಇರಲಿ.

ಜನ ಹೆಚ್ಚಾಗಿ ಎಡವುವುದು ಬೀಟ್‌ನಲ್ಲಿ, ಅಂದರೆ ಸಾಲುಗಳ ಹಿಂದೆ ಓಡುವ ಸಂಗೀತದಲ್ಲಿ. ‘ಫ್ರೀ ಬೀಟ್’ ಎಂದರೆ ಸಾಮಾನ್ಯವಾಗಿ ದುಡ್ಡು ಮಾಡದ ಬಳಕೆಗೆ ಮಾತ್ರ ಫ್ರೀ. ಲೀಸ್ ಅಂದರೆ ಬಾಡಿಗೆ: ಅದೇ ಬೀಟನ್ನು ಬೇರೆಯವರೂ ತೆಗೆದುಕೊಂಡಿರುತ್ತಾರೆ, ಸ್ಟ್ರೀಮ್‌ಗಳಿಗೂ ಅವಧಿಗೂ ಸಾಮಾನ್ಯವಾಗಿ ಮಿತಿ ಇರುತ್ತದೆ. ಒಪ್ಪಂದದ ಪಿಡಿಎಫ್ ಓದಿ, ಎತ್ತಿಡಿ. ಇಂಥ ಹಾಡಿಗೆ ಯೂಟ್ಯೂಬ್ ಕಂಟೆಂಟ್ ಐಡಿ (ಅದೇ ಸದ್ದಿರುವ ವಿಡಿಯೋಗಳನ್ನು ತಾನೇ ಹುಡುಕಿ ಹಕ್ಕಿನ ಕ್ಲೇಮ್ ಹಾಕುವ ವ್ಯವಸ್ಥೆ) ಹಾಕಿಸಲೇಬೇಡಿ. ಹಾಕಿಸಿದರೆ ಅದೇ ಬೀಟ್ ಬಳಸಿದ ಉಳಿದವರ ವಿಡಿಯೋಗಳ ಮೇಲೆ, ಕೊನೆಗೆ ಬೀಟ್ ಮಾಡಿದವನ ವಿಡಿಯೋ ಮೇಲೂ, ನಿಮ್ಮ ಹೆಸರಿನಲ್ಲಿ ಕ್ಲೇಮ್ ಬೀಳುತ್ತದೆ. ಸೀನ್‌ನಲ್ಲಿ ಹೆಸರು ಕೆಡಲು ಅಷ್ಟು ಸಾಕು. ಹಳೆಯ ಹಾಡಿನ ತುಣುಕು (ಸ್ಯಾಂಪಲ್) ಇದ್ದರೆ ಅನುಮತಿ ಎರಡು ಬೇಕು, ರೆಕಾರ್ಡಿಂಗ್‌ಗೆ ಒಂದು, ರಚನೆಗೆ ಇನ್ನೊಂದು.

ನಿಮ್ಮ ಹಾಡಿನಲ್ಲಿ ಜೊತೆಗೆ ಹಾಡಿದವರು (ಫೀಚರ್), ಹುಕ್ ಅಂದರೆ ಮತ್ತೆ ಮತ್ತೆ ಬರುವ ಸಾಲು ಬರೆದವರು ಇದ್ದರೆ ರೆಕಾರ್ಡಿಂಗ್ ದಿನವೇ ಯಾರಿಗೆ ಎಷ್ಟು ಪಾಲು ಎಂದು ಬರೆಯುವ ಸ್ಪ್ಲಿಟ್ ಶೀಟ್ ತುಂಬಿ ಸಹಿ ಹಾಕಿಸಿ. ಪಾಲುಗಳ ಮೊತ್ತ ಶೇ. 100 ಆಗಬೇಕು. ಹಾಡು ಓಡಿದ ಮೇಲೆ ಈ ಮಾತು ತೆಗೆದರೆ ಸ್ನೇಹವೂ ಹೋಗುತ್ತದೆ.

ಹಾಡನ್ನು ಸ್ಪಾಟಿಫೈಯಂಥ ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್‌ಗೆ ಡಬ್ಲ್ಯೂಎವಿ (ಗುಣಮಟ್ಟ ಕುಗ್ಗಿಸದ ಆಡಿಯೋ) ಫೈಲ್ ಮತ್ತು 3000×3000 ಪಿಕ್ಸೆಲ್‌ನ ಚೌಕ ಕವರ್ ಕೊಡಿ. ಕವರ್ ಮೇಲೆ ಇನ್‌ಸ್ಟಾ ಹ್ಯಾಂಡಲ್, ವೆಬ್ ವಿಳಾಸ ಇದ್ದರೆ ವಾಪಸ್ ಬರುತ್ತದೆ. ಬಿಡುಗಡೆಯ ತಾರೀಖಿಗೆ 3–4 ವಾರ ಮೊದಲೇ ಅಪ್‌ಲೋಡ್ ಮುಗಿಸಿ. ಪ್ಲೇಲಿಸ್ಟ್ ಕಟ್ಟುವ ಸ್ಪಾಟಿಫೈ ಎಡಿಟರ್‌ಗಳಿಗೆ ಪಿಚ್ ಮಾಡಲು (ಸೇರಿಸಿ ಎಂದು ಕೇಳಿಕೊಳ್ಳಲು) ಆಗುವುದು ಬಿಡುಗಡೆಯಾಗದ ಹಾಡನ್ನು ಮಾತ್ರ. ಕನಿಷ್ಠ 7 ದಿನ ಮೊದಲು ಪಿಚ್ ಮಾಡಿದರೆ ಹಾಡು ಫಾಲೋವರ್‌ಗಳ ಹೊಸ ಹಾಡುಗಳ ಪ್ಲೇಲಿಸ್ಟ್ ಆದ ರಿಲೀಸ್ ರೇಡಾರ್‌ಗೂ ಹೋಗುತ್ತದೆ. ಮುಂದೆ ಡಿಸ್ಟ್ರಿಬ್ಯೂಟರ್ ಬದಲಿಸಿದರೆ ಹಳೆಯ ಐಎಸ್ಆರ್‌ಸಿ (ಆ ರೆಕಾರ್ಡಿಂಗ್‌ನ ಗುರುತು) ಕೋಡನ್ನೇ ಕೊಡಿ. ಹೊಸ ಕೋಡ್ ಬಿದ್ದರೆ ಸ್ಟ್ರೀಮ್ ಲೆಕ್ಕ ಸೊನ್ನೆಯಿಂದ ಶುರುವಾಗಬಹುದು.

ಸ್ಟ್ರೀಮ್ ಖರೀದಿಸುವ ಆಸೆ ಬೇಡ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡಿಗೆ ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ಇಲ್ಲದಿದ್ದರೆ ರಾಯಲ್ಟಿ ಇಲ್ಲ, ನಿಜ. ಆ ಗಡಿ ದಾಟಲು, ಜನರ ಬದಲು ಪ್ರೋಗ್ರಾಂಗಳೇ ಪ್ಲೇ ಮಾಡುವ ಬಾಟ್ ಪ್ಲೇಲಿಸ್ಟ್‌ಗೆ ಸೇರಿದರೆ ಎಣಿಕೆಯನ್ನು ಅಳಿಸುತ್ತಾರೆ, ಡಿಸ್ಟ್ರಿಬ್ಯೂಟರ್‌ಗೆ ದಂಡ ಬೀಳಬಹುದು, ಹಾಡೇ ಕೆಳಗಿಳಿಯಬಹುದು.

ಫೋಟೋಗೆ ಒಂದೇ ಶೂಟ್ ಸಾಕು, ಅಡ್ಡ ಮತ್ತು ಉದ್ದ ಎರಡೂ ಫ್ರೇಮ್ ತೆಗೆಸಿ. ಬಯೋದಲ್ಲಿ ‘ಬಾಲ್ಯದಿಂದಲೇ ಸಂಗೀತದ ಒಲವು’ ಎಂಬ ಸಾಲು ಯಾವ ಆಯೋಜಕರಿಗೂ ಬೇಡ. ಹಾಡುಗಳು, ಶೋಗಳು, ಸಂಪರ್ಕ, ಅಷ್ಟೇ.

ಇಮೇಜ್ ನಿಜವಾಗಿ ನಿಲ್ಲುವುದು, ಬೀಳುವುದು ವೇದಿಕೆಯಲ್ಲಿ. ಪೂರ್ತಿ ಹಾಡು ಹಾಕಿ ಅದರ ಮೇಲೆ ಕೂಗುವುದು ಬೇಡ. ಮುಖ್ಯ ದನಿ ತೆಗೆದು ಹುಕ್‌ನ ಹಿನ್ನೆಲೆ ದನಿ (ಬ್ಯಾಕಿಂಗ್), ನಡುನಡುವಿನ ಕೂಗು (ಆ್ಯಡ್-ಲಿಬ್) ಮಾತ್ರ ಉಳಿಸಿದ ಟ್ರ್ಯಾಕ್ ಒಯ್ಯಿರಿ. ಉಸಿರು ಎಲ್ಲಿ ತೆಗೆಯಬೇಕೆಂದು ಬರೆದ ಸಾಲುಗಳ ಮೇಲೇ ಗುರುತು ಹಾಕಿ ಅಭ್ಯಾಸ ಮಾಡಿ. ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವ ಸ್ಟೈಲ್ ಫೋಟೋದಲ್ಲಿ ಚೆನ್ನ. ಆದರೆ ಹಿಂಬದಿಯ ಸದ್ದನ್ನು ತಡೆಯುವ ಕಿಂಡಿಗಳು ಮುಚ್ಚಿಹೋಗಿ ಮೈಕ್ ಎಲ್ಲ ದಿಕ್ಕಿನ ಸದ್ದನ್ನೂ ಎಳೆದುಕೊಳ್ಳುತ್ತದೆ. ವೇದಿಕೆಯ ಮಾನಿಟರ್ ಸ್ಪೀಕರ್ ಕೀರಲು ಹಿಡಿಯುತ್ತದೆ, ಪದಗಳು ಒಂದಕ್ಕೊಂದು ಕಲಸಿಹೋಗುತ್ತವೆ. ಹಿಡಿಯನ್ನು ಹಿಡಿಯಿರಿ, ಜಾಲರಿ ಬಿಡಿ.